ನಮ್ಮ ಕಡೆಯ ಬಿಸಿಲಿಗೆ ಯಾವ ಸಾಫ್ಟ್ ಫೋಕಸ್ ಲೆನ್ಸ್? ವೆರಿಟೊ, ಇಮಾಗಾನ್, ಕೊಡಾಕ್ ಪೋರ್ಟ್ರೇಟ್

ಕಪ್ಪುಬಟ್ಟೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಆಲಪ್ಪುಳದಲ್ಲಿ ತಯಾರಾದ, ತೇಗದ ಮರದ ವಾಗೀಶ್ವರಿ ಫೀಲ್ಡ್ ಕ್ಯಾಮೆರಾ ನನ್ನಲ್ಲಿದೆ. ಹಾಫ್ ಪ್ಲೇಟ್ ಅಳತೆಯದು, ಅಂದರೆ 4¾ × 6½ ಅಂಗುಲ. ಆ ಅಳತೆಯ ಫಿಲ್ಮ್ ನಮ್ಮ ಕಡೆ ಸಿಗದಿರುವುದರಿಂದ 8 × 10 ಅಂಗುಲದ ಹಸಿರು ಎಕ್ಸರೇ ಫಿಲ್ಮನ್ನು (ನೀಲಿಯ ಜೊತೆ ಹಸಿರು ಬೆಳಕಿಗೂ ಸ್ಪಂದಿಸುವಂಥದು) ಕೆಂಪು ದೀಪದ ಕೆಳಗೆ ಕತ್ತರಿಸಿಕೊಳ್ಳುತ್ತೇನೆ. ಒಂದು ಹಾಳೆಯಲ್ಲಿ ಎರಡು ತುಂಡು ಸರಿಯಾಗಿ ಬರುತ್ತವೆ. ತೆಗೆಯುವುದು ಹೆಚ್ಚಾಗಿ ಆಳಂದ, ಅಫಜಲಪುರ ಕಡೆಯ ಹಳ್ಳಿಗಳ ಹಿರಿಯರ ಭಾವಚಿತ್ರಗಳನ್ನು. ದೊಡ್ಡದು ಮಾಡುವುದಿಲ್ಲ, ನೆಗೆಟಿವ್ ಅಳತೆಗೇ ಕಾಂಟ್ಯಾಕ್ಟ್ ಪ್ರಿಂಟ್ ಹಾಕುತ್ತೇನೆ.

ಈಗ ಬಳಸುತ್ತಿರುವ 210 ಮಿ.ಮೀ. ಟೆಸ್ಸಾರ್ ಬಗೆಯ ಲೆನ್ಸ್ ಈ ಕೆಲಸಕ್ಕೆ ಅತಿಯಾಗಿ ಚೂಪು. ಎಕ್ಸರೇ ಫಿಲ್ಮಿಗೆ ಕೆಂಪು ಕಾಣುವುದಿಲ್ಲವಾದ್ದರಿಂದ ಹೊಲದಲ್ಲಿ ದುಡಿದವರ ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತದೆ, ಮುಖದ ಒಂದೊಂದು ಗೆರೆಯೂ ಕೊರೆದ ಹಾಗೆ ಎದ್ದು ಕಾಣುತ್ತದೆ. ಅಜ್ಜಂದಿರು ಚಿತ್ರ ನೋಡಿ ಏನೂ ಅನ್ನುವುದಿಲ್ಲ, ಮನೆಯ ಹೆಣ್ಣುಮಕ್ಕಳು ಮಾತ್ರ ಮುಖ ಸಣ್ಣ ಮಾಡುತ್ತಾರೆ.

ಮೂರು ಹಳೆಯ ಲೆನ್ಸುಗಳ ಮೇಲೆ ಕಣ್ಣಿಟ್ಟಿದ್ದೇನೆ: ವೊಲೆನ್ಸಾಕ್ ವೆರಿಟೊ 11½ ಅಂಗುಲ ಎಫ್/4, ರೋಡೆನ್‌ಸ್ಟಾಕ್ ಇಮಾಗಾನ್ 300 ಮಿ.ಮೀ., ಕೊಡಾಕ್ ಪೋರ್ಟ್ರೇಟ್ 305 ಮಿ.ಮೀ. ಎಫ್/4.8. ಫೋಕಲ್ ಲೆಂತ್ ಮೂರರದೂ ಹೆಚ್ಚುಕಡಿಮೆ ಒಂದೇ. ಎದೆಮಟ್ಟದ ಚಿತ್ರಕ್ಕೆ ಮೂಲದ ಕಾಲು ಭಾಗದಷ್ಟು ಗಾತ್ರ ಹಿಡಿದರೆ ಬೆಲ್ಲೊಸ್ (ಕ್ಯಾಮೆರಾದ ಮಡಿಕೆ ಚೀಲ) ಸುಮಾರು 375 ಮಿ.ಮೀ. ಚಾಚಬೇಕಾಗುತ್ತದೆ, ನನ್ನದು ಅಷ್ಟು ಚಾಚುತ್ತದೆ. ಅಂತರ್ಜಾಲದಲ್ಲಿ ನೋಡಿದ ಹೋಲಿಕೆಗಳಲ್ಲಿ ಎಲ್ಲರೂ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾಯುವ ಕಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಪೂರ್ತಿ ತೆರೆದೇ ತೆಗೆದಿದ್ದಾರೆ. ಹಾಗೆ ನೋಡಿದರೆ ಮೂರೂ ಒಂದೇ ಥರದ ಮಂಜು. ಬಳಸಿದವರು ದಯವಿಟ್ಟು ತಿಳಿಸಬೇಕು.

ಬಯಲುಬೆಳಕು (ಯಾದಗಿರಿ)

ಕಪ್ಪುಬಟ್ಟೆಯವರೆ, ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಅಪರ್ಚರ್ ಪೂರ್ತಿ ತೆರೆದು ಹೋಲಿಸುವುದು ಈ ಬಗೆಯ ಲೆನ್ಸುಗಳ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳಾದ್ದರಿಂದ ಮೊದಲು ಒಳಗಿನ ಕಾರಣವನ್ನು ಬರೆಯುತ್ತೇನೆ.

ಗೋಳಾಕಾರದ ಮೇಲ್ಮೈಯುಳ್ಳ ಪೀನ ಮಸೂರದ ಅಂಚಿನಿಂದ ಹಾಯ್ದ ಕಿರಣಗಳು ನಡುವಿನಿಂದ ಹಾಯ್ದ ಕಿರಣಗಳಿಗಿಂತ ಮಸೂರಕ್ಕೆ ಹತ್ತಿರದಲ್ಲಿ ಕೂಡುತ್ತವೆ. ಇದಕ್ಕೆ ಗೋಳೀಯ ವಿಪಥನ ಎನ್ನುತ್ತೇವೆ. ಸಾಮಾನ್ಯ ಲೆನ್ಸ್ ಮಾಡುವವರು ಇದನ್ನು ಹೋಗಲಾಡಿಸಲು ಹೆಣಗುತ್ತಾರೆ. ಸಾಫ್ಟ್ ಫೋಕಸ್ ಲೆನ್ಸ್ ಮಾಡಿದವರು ಬೇಕೆಂದೇ ಒಂದಿಷ್ಟು ಉಳಿಸಿಕೊಂಡರು. ನಡುವಿನ ಕಿರಣಗಳು ಫಿಲ್ಮಿನ ಮೇಲೆ ಚೂಪಾದ ಬಿಂಬವನ್ನು ಕೂರಿಸುತ್ತವೆ, ಅಂಚಿನ ಕಿರಣಗಳು ಅದೇ ಬಿಂಬದ ಸುತ್ತ ತೆಳುವಾದ ಪ್ರಭೆಯನ್ನು ಹರಡುತ್ತವೆ. ಆದ್ದರಿಂದ ಫೋಕಸ್ ತಪ್ಪಿದ ಚಿತ್ರ ಬೇರೆ, ಸಾಫ್ಟ್ ಫೋಕಸ್ ಚಿತ್ರ ಬೇರೆ. ಮೊದಲನೆಯದರಲ್ಲಿ ಚೂಪು ಎಲ್ಲಿಯೂ ಇರುವುದಿಲ್ಲ, ಎರಡನೆಯದರಲ್ಲಿ ಚೂಪು ಒಳಗಿದ್ದು ಅದರ ಮೇಲೆ ಬೆಳಕು ಹರಡಿರುತ್ತದೆ.

ಅಪರ್ಚರ್ ಕಿರಿದಾಗಿಸಿದಷ್ಟೂ ಅಂಚಿನ ಕಿರಣಗಳು ಹೊರಗುಳಿಯುವುದರಿಂದ ಪ್ರಭೆ ಕರಗುತ್ತ ಹೋಗಿ ಕೊನೆಗೆ ಮಾಮೂಲಿ ಲೆನ್ಸ್ ಉಳಿಯುತ್ತದೆ. ಆ ಕರಗುವಿಕೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ನಡುವೆ ಹೇಗೆ ನಡೆಯುತ್ತದೆ ಎಂಬುದರಲ್ಲಿಯೇ ಒಂದು ಲೆನ್ಸಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಡಗಿದೆ. ಆದ್ದರಿಂದ ಮೂರರಲ್ಲೂ ಪ್ರಭೆಯ ಪ್ರಮಾಣ ಒಂದೇ ಆಗುವ ಅಪರ್ಚರುಗಳನ್ನು ಹುಡುಕಿ, ಅಲ್ಲಿ ಹೋಲಿಸಬೇಕು.

ಇನ್ನೊಂದು ಗುಣವನ್ನೂ ಗಮನಿಸಿ. ಈ ವಿಪಥನವಿರುವ ಲೆನ್ಸಿನಲ್ಲಿ ಫೋಕಸಿನ ಹಿಂದಿರುವ ವಸ್ತುಗಳು ನಯವಾಗಿ ಕರಗುತ್ತವೆ, ಮುಂದಿರುವ ವಸ್ತುಗಳು ಮಾತ್ರ ಗಡುಸಾದ ಅಂಚು ಪಡೆದು ಒರಟಾಗುತ್ತವೆ. ಅಜ್ಜನ ಕೈ, ಊರುಗೋಲು ಮುಂದಕ್ಕೆ ಚಾಚಿದ್ದರೆ ಅಲ್ಲಿ ಚಿತ್ರ ಕೆಡುತ್ತದೆ. ಕೈಗಳನ್ನು ಮೈಗೆ ಹತ್ತಿರವಾಗಿ ಇರಿಸಿಕೊಳ್ಳಲು ಹೇಳಿ.

ಬಿದ್ರಿಕಪ್ಪು (ಬೀದರ್)

ಮೇಡಂ ಬರೆದದ್ದಕ್ಕೆ ನನ್ನ ಕೈಯ ಅನುಭವವನ್ನು ಜೋಡಿಸುತ್ತೇನೆ. ಇಮಾಗಾನ್ ನನ್ನದೇ, ವೆರಿಟೊ ಮತ್ತು ಕೊಡಾಕ್ ಎರಡನ್ನೂ ಹೈದರಾಬಾದಿನ ಗೆಳೆಯರೊಬ್ಬರಿಂದ ತಂದು ಕೆಲಕಾಲ ಇರಿಸಿಕೊಂಡಿದ್ದೆ. ನಮ್ಮ ಊರಿನಲ್ಲಿ ಸಾಫ್ಟ್ ಫೋಕಸ್ ಲೆನ್ಸನ್ನು ಪರೀಕ್ಷಿಸಲು ಬಿದ್ರಿ ಕೆಲಸದಷ್ಟು ಕಠಿಣವಾದ ವಸ್ತು ಬೇರೊಂದಿಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪಾಗಿಸಿರುತ್ತಾರೆ, ಆ ಕಪ್ಪಿನಲ್ಲಿ ಕೂದಲೆಳೆಯಂಥ ಬೆಳ್ಳಿ ತಂತಿ ಕೂತಿರುತ್ತದೆ. ಅತಿ ಕಪ್ಪಿಗೆ ಅತಿ ಬಿಳುಪು ತಾಗಿಕೊಂಡೇ ಇರುವುದರಿಂದ ಪ್ರಭೆ ಎಷ್ಟು ಹರಡಿತೆಂದು ಕಣ್ಣಳತೆಯಲ್ಲೇ ತಿಳಿಯುತ್ತದೆ.

ಪರಿಚಯದ ಕುಶಲಕರ್ಮಿಯೊಬ್ಬರ ಕಾರ್ಖಾನೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ, ಬಳ್ಳಿ ಕೆತ್ತನೆಯ ಒಂದು ಸುರಾಹಿಯನ್ನು ಮೇಜಿನ ಮೇಲಿರಿಸಿ ಅವರನ್ನು ಅದರ ಹಿಂದೆ ಕೂರಿಸಿದೆ.

ವೆರಿಟೊ ಎಫ್/4ರಲ್ಲಿ ತಂತಿ ಎಂಬುದೇ ಉಳಿಯಲಿಲ್ಲ. ಬಳ್ಳಿ, ಎಲೆ, ಹೂವು ಎಲ್ಲ ಒಂದಕ್ಕೊಂದು ಹರಿದು ಸುರಾಹಿಯ ಹೊಟ್ಟೆಯ ಮೇಲೆ ಬೆಳ್ಳಿಯ ಒಂದೇ ಪಸೆಯಾಯಿತು. ಎಫ್/5.6ಕ್ಕೆ ಇಳಿಸಿದಾಗ ಪ್ರತಿ ತಂತಿಯೂ ತನ್ನ ಜಾಗದಲ್ಲಿ ಕಾಣಿಸಿಕೊಂಡು, ಅದರ ಇಬ್ಬದಿಯಲ್ಲಿ ತಂತಿಯ ನಾಲ್ಕೈದು ಪಟ್ಟು ಅಗಲದ ಪ್ರಭೆ ನಿಂತಿತು. ಈ ಲೆನ್ಸಿನ ನಿಜವಾದ ಸೊಗಸು ಇರುವುದು ಅಲ್ಲಿ. ಎಫ್/8ರಲ್ಲಿ ಅದು ಮತ್ತೊಂದು ಹಳೆಯ ಲೆನ್ಸ್, ಅಷ್ಟೆ. ಅಂದರೆ ಬಳಕೆಗೆ ಸಿಗುವುದು ಎರಡು ಸ್ಟಾಪಿನೊಳಗಿನ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಕಿರಿದಾದ ಜಾಗ.

ಕೊಡಾಕ್ 305 ನಿಧಾನಸ್ಥ. ಎರಡು ಗಾಜುಗಳನ್ನು ಅಂಟಿಸಿದ ಒಂದೇ ಮಸೂರ, ಅದರ ಮುಂದೆ ಅಪರ್ಚರನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಾಮ್. ಗಾಜಿಗೆ ಪ್ರತಿಫಲನ ತಡೆಯುವ ಕೋಟಿಂಗ್ ಇರುವುದರಿಂದ ವೆರಿಟೊಗಿಂತ ಕಪ್ಪು ಆಳವಾಗಿ ಬರುತ್ತದೆ. ಪ್ರಭೆ ಅಗಲವಾಗಿದ್ದರೂ ತೆಳು, ಎಫ್/4.8ರಲ್ಲೂ ತಂತಿ ಪೂರ್ತಿ ಮಾಯವಾಗಲಿಲ್ಲ, ಎಫ್/8ರವರೆಗೂ ಮೃದುತ್ವ ಉಳಿಯಿತು, ಎಫ್/11 ದಾಟಿದ ಮೇಲೆ ಹೋಯಿತು. ಮುಖದ ಮಟ್ಟಿಗೆ ಹೇಳುವುದಾದರೆ ಈ ಮೂರರಲ್ಲಿ ನನಗೆ ಹಿಡಿಸಿದ್ದು ಇದೇ. ಆ ಕುಶಲಕರ್ಮಿಯ ಕೆನ್ನೆಯ ಬಿಳಿ ಗಡ್ಡದ ಒಂದೊಂದು ಕೂದಲೂ ಇತ್ತು, ಆದರೆ ಯಾವುದೂ ಚುಚ್ಚುತ್ತಿರಲಿಲ್ಲ.

ಇಮಾಗಾನ್ ದಾರಿಯೇ ಬೇರೆ. ಇದರ ಹಿಂದೆ ಇನ್ಸ್‌ಬ್ರುಕ್‌ನ ಛಾಯಾಗ್ರಾಹಕ ಹೈನ್ರಿಕ್ ಕ್ಯೂನ್ ಮತ್ತು ಲೆನ್ಸ್ ವಿನ್ಯಾಸಕ ಫ್ರಾಂಜ್ ಸ್ಟೇಬ್ಲೆ ಅವರ ಕೆಲಸವಿದೆ. ಜರ್ಮನಿಯ ರೋಡೆನ್‌ಸ್ಟಾಕ್ 1930ರ ಸುಮಾರಿಗೆ ಮಾರುಕಟ್ಟೆಗೆ ತಂದಿತು. ಇದಕ್ಕೂ ಅಂಟಿಸಿದ ಒಂದೇ ಮಸೂರ, ಆದರೆ ಅಪರ್ಚರ್ ಬದಲು ಮುಂದೆ ಸಿಕ್ಕಿಸುವ ಜರಡಿಯಂಥ ಡಿಸ್ಕುಗಳಿವೆ. ಡಿಸ್ಕಿನ ನಡುವೆ ಒಂದು ದೊಡ್ಡ ತೂತು, ಸುತ್ತ ಸಣ್ಣ ತೂತುಗಳ ಸಾಲು. ನಡುವಿನ ತೂತು ಚೂಪಾದ ಬಿಂಬವನ್ನು ಕೊಡುತ್ತದೆ, ಸುತ್ತಲಿನವು ಪ್ರಭೆಯನ್ನು. ಅಂಚನ್ನು ತಿರುಗಿಸಿದರೆ ಸುತ್ತಲಿನ ತೂತುಗಳು ಮುಚ್ಚುತ್ತ ಬರುತ್ತವೆ, ನಡುವಿನದು ಹಾಗೆಯೇ ಇರುತ್ತದೆ. ನನ್ನ 300 ಮಿ.ಮೀ. ಲೆನ್ಸಿನ ಡಿಸ್ಕುಗಳ ಮೇಲೆ ಎಚ್ (ಎಫ್ ಸಂಖ್ಯೆಯ ಬದಲು ಇಮಾಗಾನ್‌ಗೆ ಬಳಸುವ ಗುರುತು) 5.8ರಿಂದ 7.7, 7.7ರಿಂದ 9.5, 9.5ರಿಂದ 11.5 ಎಂದು ಕೊರೆದಿರುತ್ತದೆ. ಎರಡನೆಯ ಡಿಸ್ಕಿನಲ್ಲಿ ತೆಗೆದ ಸುರಾಹಿಯಲ್ಲಿ ತಂತಿಯ ಗೆರೆ ಟೆಸ್ಸಾರಿನಷ್ಟೇ ಸಣ್ಣದಾಗಿತ್ತು, ಪ್ರಭೆ ಅದರ ಮೇಲೆ ಬೇರೆಯಾಗಿ ಕೂತಿತ್ತು. ತೂತುಗಳನ್ನು ಅರ್ಧ ಮುಚ್ಚಿದಾಗ ಗೆರೆ ಬದಲಾಗದೆ ಪ್ರಭೆಯಷ್ಟೇ ಇಳಿಯಿತು. ಈ ಹಿಡಿತ ವೆರಿಟೊದಲ್ಲೂ ಇಲ್ಲ, ಕೊಡಾಕಿನಲ್ಲೂ ಇಲ್ಲ.

ತೊಂದರೆಯೂ ಉಂಟು. ಹಿಂದೆ ಗೋಡೆಗೆ ಒರಗಿಸಿದ್ದ ಬೆಳ್ಳಿ ತಟ್ಟೆಯ ಹೊಳಪು ಫೋಕಸಿನಿಂದ ಆಚೆಗಿದ್ದುದರಿಂದ ಡಿಸ್ಕಿನ ಆಕಾರವನ್ನೇ ತಾಳಿ ಚುಕ್ಕೆಗಳ ಬಳೆಯಾಗಿ ಬಂತು. ಬೇವಿನ ಮರದ ಎಲೆಗಳ ಸಂದಿನಿಂದ ಆಕಾಶ ಇಣುಕುವಲ್ಲಿಯೂ ಹೀಗೆಯೇ. ಹಿನ್ನೆಲೆಗೆ ಸಾದಾ ಗೋಡೆಯೇ ಬೇಕು.

ನಿಮ್ಮ ಹಳ್ಳಿಗಳಲ್ಲಿ ಬಿಳಿ ಧೋತರ, ಬಿಳಿ ಅಂಗಿ ಮತ್ತು ಬಿರುಬಿಸಿಲು. ಅಲ್ಲಿ ಪ್ರಭೆಯ ಮೇಲೆ ಹಿಡಿತವಿಲ್ಲದಿದ್ದರೆ ಬಟ್ಟೆ ಮುಖವನ್ನು ನುಂಗುತ್ತದೆ. ನನ್ನ ಮತ ಇಮಾಗಾನ್‌ಗೆ.

ಹಾಫ್‌ಪ್ಲೇಟ್ (ಸುರಪುರ)

ತಮ್ಮಂದಿರೆ, ಹಳೆಯ ಸ್ಟುಡಿಯೊ ಮನೆತನದವನಾಗಿ ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ.

ನಮ್ಮ ಕಡೆಯ ಸ್ಟುಡಿಯೊಗಳು ಇಂಥ ಲೆನ್ಸುಗಳನ್ನು ಹುಡುಕಿಕೊಂಡು ಹೋಗಲಿಲ್ಲ, ಅದಕ್ಕೆ ಕಾರಣವಿತ್ತು. ಚೂಪಾದ ಲೆನ್ಸಿನಿಂದ ತೆಗೆದು, ನೆಗೆಟಿವಿನ ಎಮಲ್ಷನ್ (ಬೆಳಕಿಗೆ ಸ್ಪಂದಿಸುವ ಲೇಪ) ಮೇಲೆ ಪೆನ್ಸಿಲ್ ಹಿಡಿಯುವಂತೆ ರಿಟಚಿಂಗ್ ಮೀಡಿಯಂ ಸವರಿ, ಸೂಜಿಯಂತೆ ಹೆರೆದ ಪೆನ್ಸಿಲಿನಿಂದ ಗೆರೆಗಳನ್ನು ತುಂಬುತ್ತಿದ್ದರು. ಗಿರಾಕಿಗೆ ಕಣ್ಣು ಚೂಪಾಗಿ ಬೇಕು, ಕೆನ್ನೆ ನಯವಾಗಿ ಬೇಕು. ಲೆನ್ಸ್ ಎರಡಕ್ಕೂ ಒಂದೇ ನ್ಯಾಯ ಮಾಡುತ್ತದೆ, ಪೆನ್ಸಿಲ್ ಬೇಕಾದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕಪ್ಪುಬಟ್ಟೆಯವರು ಹಾಫ್ ಪ್ಲೇಟ್ ನೆಗೆಟಿವನ್ನು ಕಾಂಟ್ಯಾಕ್ಟ್ ಹಾಕುವವರು. ಅವರಿಗೆ ಆ ವಿದ್ಯೆ ಈಗಲೂ ಉಪಯೋಗಕ್ಕೆ ಬರುತ್ತದೆ.

ಲೆನ್ಸೇ ಬೇಕೆಂದರೂ ಜರ್ಮನಿಗೇ ಹೋಗಬೇಕೆಂದಿಲ್ಲ. ಇಂಗ್ಲೆಂಡಿನ ಡಾಲ್‌ಮೇಯರ್ 1866ರಲ್ಲೇ ಪೇಟೆಂಟ್ ಪೋರ್ಟ್ರೇಟ್ ಲೆನ್ಸ್ ತಂದಿದ್ದ. ಅದರ ಹಿಂಬದಿಯ ಗಾಜುಗಳ ನಡುವಿನ ಅಂತರವನ್ನು ಚೂರು ತಿರುಗಿಸಿ ಹೆಚ್ಚಿಸಿದರೆ ಗೋಳೀಯ ವಿಪಥನ ಹುಟ್ಟುತ್ತದೆ, ಮತ್ತೆ ಬಿಗಿ ಮಾಡಿದರೆ ಚೂಪು. ಮೃದುತ್ವ ಮತ್ತು ಅಪರ್ಚರ್ ಒಂದಕ್ಕೊಂದು ಕಟ್ಟಿಹಾಕಿಕೊಂಡಿಲ್ಲದ ಲೆನ್ಸ್ ಬೇಕು ಎಂಬುದು ಬಿದ್ರಿಕಪ್ಪು ಅವರ ವಾದವಾದರೆ, ಅದು ಇಮಾಗಾನ್‌ಗಿಂತ ಬಹಳ ಹಿಂದೆಯೇ ಇತ್ತು. ಫೊಯ್ಗ್‌ಲ್ಯಾಂಡರಿನ ಯೂನಿವರ್ಸಲ್ ಹೆಲಿಯಾರ್ ನಡುವಿನ ಗಾಜನ್ನು ಸರಿಸಿ ಇದನ್ನೇ ಮಾಡುತ್ತದೆ. ವೊಲೆನ್ಸಾಕಿನವರದೇ ವೆಲೊಸ್ಟಿಗ್ಮ್ಯಾಟ್ ಸೀರೀಸ್ 2, ಎಫ್/4.5, ಅದರ ದೊಡ್ಡ ಅಳತೆಗಳಲ್ಲಿ ಮುಂದಿನ ಉಂಗುರ ತಿರುಗಿಸಿದರೆ ಮೃದುತ್ವ ಹೆಚ್ಚು ಕಡಿಮೆಯಾಗುತ್ತದೆ. ಅದನ್ನು ಟೆಸ್ಸಾರ್ ಎಂದುಕೊಂಡು ಅಗ್ಗಕ್ಕೆ ಮಾರುವವರೂ ಇದ್ದಾರೆ, ಉಂಗುರದ ಮೇಲಿನ ಅಂಕಿ ನೋಡಿ ಕೊಳ್ಳಿ.

ಆದರೆ ನನ್ನ ಮುಖ್ಯ ತಕರಾರು ಬೇರೆ. ನೀವು ಲೆನ್ಸಿನ ಬಗ್ಗೆ ಮಾತಾಡುತ್ತಿದ್ದೀರಿ, ಬೆಳಕಿನ ಬಗ್ಗೆ ಅಲ್ಲ. ಮೋಡ ಕವಿದ ಸಪ್ಪೆ ಬೆಳಕಿನಲ್ಲಿ ಸಾಫ್ಟ್ ಫೋಕಸ್ ಲೆನ್ಸ್ ಬರೀ ಮಬ್ಬು ಚಿತ್ರ ಕೊಡುತ್ತದೆ, ಏಕೆಂದರೆ ಹರಡುವುದಕ್ಕೆ ಅಲ್ಲಿ ಹೊಳಪೇ ಇಲ್ಲ. ನಡುಮಧ್ಯಾಹ್ನದ ಬಯಲಿನಲ್ಲಿ ಎಲ್ಲವೂ ಸುಟ್ಟು ಹೋಗುತ್ತದೆ. ಬೇಕಾದ್ದು ಒಂದು ಕಡೆಯಿಂದ ಬರುವ ಗಟ್ಟಿ ಬೆಳಕು. ಅದು ನಮ್ಮ ಮನೆಗಳ ಪಡಸಾಲೆಯಲ್ಲೇ ಇದೆ. ಶಹಾಬಾದ್ ಕಲ್ಲು ಹಾಸಿದ ಪಡಸಾಲೆಯಲ್ಲಿ, ಬಾಗಿಲಿನಿಂದ ಎರಡು ಮೊಳ ಒಳಗೆ, ಅಜ್ಜನನ್ನು ಅಡ್ಡ ಮುಖವಾಗಿ ಕೂರಿಸಿ. ಅಂಗಳದ ಬಿಸಿಲು ಕಲ್ಲಿಗೆ ಬಡಿದು ಕೆಳಗಿನಿಂದಲೂ ಒಂದಿಷ್ಟು ಬೆಳಕು ಕೊಡುತ್ತದೆ. ಅಲ್ಲಿ ವೆರಿಟೊವನ್ನು ಎಫ್/5 ಮತ್ತು 6.3ರ ನಡುವೆ ಇಟ್ಟರೆ ಯಾವ ಡಿಸ್ಕೂ ಬೇಡ.

ಕಪ್ಪುಬಟ್ಟೆ (ಕಲಬುರಗಿ)

ಕಾಕಾ, ಪಡಸಾಲೆಯ ಮಾತು ಒಪ್ಪಿದೆ. ಆದರೆ ಅಲ್ಲಿಯೂ ನನಗೊಂದು ತೊಡಕಿದೆ. ಹೆಚ್ಚಿನ ವೆರಿಟೊಗಳು ಶಟರ್ ಇಲ್ಲದೆ ಬರೀ ಕೊಳವೆಯಲ್ಲಿ ಬರುತ್ತವೆ. ಲೆನ್ಸಿನ ಹಿಂದೆ ಕೂರಿಸುವ ಹಳೆಯ ಪ್ಯಾಕರ್ಡ್ ಶಟರ್ ನನ್ನಲ್ಲಿದೆ, ರಬ್ಬರ್ ಬಲ್ಬ್ ಹಿಚುಕಿ ಗಾಳಿಯಿಂದ ತೆರೆಯುವಂಥದು. ಅದರ ವೇಗ ಸೆಕೆಂಡಿನ 25ನೇ ಒಂದು ಭಾಗಕ್ಕಿಂತ ಮೇಲೆ ಹೋಗುವುದಿಲ್ಲ. ನಮ್ಮ ಬೆಳಕಿಗೆ ಅದು ಸಾಕೇ?

ಬಯಲುಬೆಳಕು (ಯಾದಗಿರಿ)

ಲೆಕ್ಕ ಹಾಕೋಣ. ಹಸಿರು ಎಕ್ಸರೇ ಫಿಲ್ಮಿನ ವೇಗವನ್ನು 100 ಐಎಸ್ಒ ಎಂದಿಟ್ಟುಕೊಂಡರೆ ನೇರ ಬಿಸಿಲಿನಲ್ಲಿ ಎಫ್/16ಕ್ಕೆ 1/100 ಸೆಕೆಂಡ್. ಎಫ್/4ಕ್ಕೆ ಬಂದಾಗ ನಾಲ್ಕು ಸ್ಟಾಪ್ ಹೆಚ್ಚು ಬೆಳಕು, ಹಾಗಾಗಿ 1/1600. ಇದು ಯಾವ ದೊಡ್ಡ ಶಟರಿಗೂ ಆಗದ ಮಾತು. ತೆರೆದ ನೆರಳಿಗೆ ಮೂರು ಸ್ಟಾಪ್ ಕಳೆದರೆ 1/200, ಅದೂ ಪ್ಯಾಕರ್ಡಿಗೆ ಅತಿಯಾಯಿತು. ಎಂಟು ಪಟ್ಟು ಬೆಳಕು ತಡೆಯುವ ಎನ್‌ಡಿ 8 ಫಿಲ್ಟರ್ ಹಾಕಿದರೆ ಸರಿಯಾಗಿ 1/25ಕ್ಕೆ ಬರುತ್ತೀರಿ. ಆದರೆ 11½ ಅಂಗುಲ ಎಫ್/4 ಎಂದರೆ ಗಾಜಿನ ವ್ಯಾಸ 73 ಮಿ.ಮೀ.ಗೂ ಹೆಚ್ಚು, ಅಷ್ಟು ದೊಡ್ಡ ಫಿಲ್ಟರನ್ನು ಹಿತ್ತಾಳೆಯ ಕೊಳವೆಗೆ ಹೊಂದಿಸಿಕೊಳ್ಳಬೇಕು.

ಇಮಾಗಾನ್ ಎಚ್ 7.7ರಲ್ಲಿ ಅದೇ ನೆರಳಿಗೆ ಹತ್ತಿರಹತ್ತಿರ 1/50. ಎನ್‌ಡಿ 2 ಸಾಕು. ಕೊಡಾಕ್ ಎಫ್/4.8ರಲ್ಲಿ ಇವೆರಡರ ನಡುವೆ ನಿಲ್ಲುತ್ತದೆ, ಅದು ಐಲೆಕ್ಸ್ ಶಟರಿನಲ್ಲೇ ಬರುವುದೊಂದು ಅನುಕೂಲ.

ಪಡಸಾಲೆಯ ಒಳಗೆ ಬೆಳಕು ಇನ್ನೂ ಕಡಿಮೆಯಿರುವುದರಿಂದ ಅಲ್ಲಿ ಪ್ಯಾಕರ್ಡಿಗೂ ಫಿಲ್ಟರಿಲ್ಲದೆ ಕೆಲಸ ಸಾಗಬಹುದು. ಈ ಒಂದು ಅಂಶದಲ್ಲಿ ಹಾಫ್‌ಪ್ಲೇಟ್ ಸರ್ ಗೆದ್ದರು.

ಫಿಲ್ಮಿನ ಬಗ್ಗೆಯೂ ಒಂದು ಮಾತು. ಸಾಮಾನ್ಯ ಎಕ್ಸರೇ ಫಿಲ್ಮಿಗೆ ಎರಡೂ ಮೈಗೆ ಎಮಲ್ಷನ್ ಇರುತ್ತದೆ, ಹಿಂದಿನಿಂದ ಬೆಳಕು ಮರಳಿ ಚಿಮ್ಮದಂತೆ ತಡೆಯುವ ಲೇಪ ಇರುವುದಿಲ್ಲ. ಹೀಗಾಗಿ ಫಿಲ್ಮೇ ತನ್ನ ಪಾಲಿನ ಪ್ರಭೆಯನ್ನು ಸೇರಿಸುತ್ತದೆ. ಲೆನ್ಸಿನ ಮೃದುತ್ವದ ಮೇಲೆ ಇದೂ ಕೂಡಿದರೆ ಬಿಳಿ ಧೋತರದ ಗತಿ ಏನಾಗುತ್ತದೆಂದು ಯೋಚಿಸಿ. ಮ್ಯಾಮೋಗ್ರಫಿಗೆ ಬಳಸುವ ಫಿಲ್ಮಿಗೆ ಒಂದೇ ಕಡೆ ಎಮಲ್ಷನ್ನಿದ್ದು, ಹಿಂದೆ ಆ ಲೇಪವೂ ಇರುತ್ತದೆ. ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ತೊಳೆದಾದ ಮೇಲೆ ನೆಗೆಟಿವನ್ನು ಗಾಜಿಗೆ ಅಂಚು ಬಿಗಿದು ಅಂಟಿಸಿ, ಹಿಂಬದಿಯ ಎಮಲ್ಷನ್ನನ್ನು ಮನೆಯ ಬ್ಲೀಚಿನಿಂದ ಒರೆಸಿ ತೆಗೆಯುವ ಪದ್ಧತಿಯೂ ಇದೆ.

ಹೊಸಕಣ್ಣು (ಶಹಾಪುರ)

ಹಿರಿಯರಿಗೆ ನಮಸ್ಕಾರ. ನನ್ನದು ಸಣ್ಣ ಬಾಯಿ, ದೊಡ್ಡ ಪ್ರಶ್ನೆ. ಇಷ್ಟು ದುಡ್ಡು ಸುರಿಯುವ ಬದಲು ಚೂಪಾಗಿ ತೆಗೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಮೃದು ಮಾಡಿಕೊಳ್ಳಬಾರದೇಕೆ? ಅಥವಾ ಪ್ರಿಂಟ್ ಹಾಕುವಾಗ ಎನ್‌ಲಾರ್ಜರಿನ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಕೆಳಗೆ ತೆಳು ಬಟ್ಟೆ ಹಿಡಿದರೆ ಆಗದೇ? ಇನ್ನೊಂದು, ಮದುವೆ ಫೋಟೊ ತೆಗೆಯುವವರ ಬ್ಯಾಗಿನಲ್ಲಿ ಬಿದ್ದಿರುವ, ಫಿಲ್ಟರಿನಂತೆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಕ್ಲೋಸ್ ಅಪ್ ಲೆನ್ಸನ್ನೇ ದೊಡ್ಡ ಕ್ಯಾಮೆರಾಕ್ಕೆ ಕಟ್ಟಬಹುದೆಂದು ಕೇಳಿದ್ದೇನೆ.

ಬಯಲುಬೆಳಕು (ಯಾದಗಿರಿ)

ಪ್ರಿಂಟ್ ಹಾಕುವಾಗ ಮೃದು ಮಾಡಿದರೆ ಫಲ ತಲೆಕೆಳಗಾಗುತ್ತದೆ, ತಮ್ಮಾ. ಕ್ಯಾಮೆರಾದಲ್ಲಿ ಹರಡುವುದು ದೃಶ್ಯದ ಬೆಳಕು, ಆದ್ದರಿಂದ ಬಿಳುಪು ಕಪ್ಪಿನೊಳಕ್ಕೆ ಇಳಿಯುತ್ತದೆ. ಎನ್‌ಲಾರ್ಜರಿನಲ್ಲಿ ನೆಗೆಟಿವಿನ ತೆಳುವಾದ ಜಾಗದಿಂದ, ಅಂದರೆ ದೃಶ್ಯದ ಕತ್ತಲೆಯ ಜಾಗದಿಂದ, ಬೆಳಕು ಹೊರಟು ಬಿಳುಪಿನ ಮೇಲೆ ಮಸಿ ಹರಡುತ್ತದೆ. ಬಿಳಿ ರುಮಾಲಿನ ಅಂಚಿಗೆ ಕೊಳೆ ಮೆತ್ತಿದಂತೆ ಕಾಣುತ್ತದೆ. ಅದೂ ಒಂದು ಪರಿಣಾಮವೇ, ಕೆಲವರಿಗೆ ಬೇಕೂ ಆಗಬಹುದು, ಆದರೆ ನಾವು ಮಾತಾಡುತ್ತಿರುವುದು ಅದಲ್ಲ. ಕಂಪ್ಯೂಟರಿನಲ್ಲಿ ಈ ಅಡಚಣೆ ಇಲ್ಲ. ಆದರೆ ಕಣ್ಣಿನಲ್ಲಿ ಮಿಂಚುವ ಚುಕ್ಕೆ, ಬೆಳ್ಳಿಯ ಹೊಳಪು ಮುಂತಾದವು ಸ್ಕ್ಯಾನಿನ ಹೊತ್ತಿಗೆ ಬರೀ ಬಿಳಿಯಾಗಿ ಕತ್ತರಿಸಿಹೋಗಿರುತ್ತವೆ. ಆ ಹೊಳಪು ನಿಜವಾಗಿ ಸುತ್ತಲಿನದಕ್ಕಿಂತ ಎಷ್ಟು ಪಟ್ಟು ಹೆಚ್ಚಿತ್ತೆಂಬ ಲೆಕ್ಕ ಅಳಿದ ಮೇಲೆ, ಎಷ್ಟು ಹರಡಬೇಕೆಂಬುದು ಊಹೆಯಾಗುತ್ತದೆ.

ಕ್ಲೋಸ್ ಅಪ್ ಲೆನ್ಸಿನ ಯೋಚನೆ ಮಾತ್ರ ಬಹಳ ಒಳ್ಳೆಯದು. ಪ್ಲಸ್ 3 ಡಯಾಪ್ಟರ್ ಎಂದರೆ 1000ವನ್ನು 3ರಿಂದ ಭಾಗಿಸಿ, 333 ಮಿ.ಮೀ. ಫೋಕಲ್ ಲೆಂತ್. 77 ಮಿ.ಮೀ. ವ್ಯಾಸದ್ದಾದರೆ ಎಫ್/4.3ರ ಸುಮಾರು. ಉಬ್ಬಿದ ಮೈ ಫಿಲ್ಮಿನ ಕಡೆಗೆ, ತಗ್ಗಿದ ಮೈ ಹೊರಗಡೆಗೆ ಇರುವಂತೆ ಕೂರಿಸಿ, ಅದರ ಮುಂದೆ ಕೊಂಚ ದೂರದಲ್ಲಿ ಕಪ್ಪು ರಟ್ಟಿನಲ್ಲಿ ದುಂಡಗೆ ಕಂಡಿ ಕತ್ತರಿಸಿದ ಸ್ಟಾಪ್ (ಬೆಳಕಿನ ತಡೆ) ಇಡಿ. ಇದು 1812ರಲ್ಲಿ ವೊಲಾಸ್ಟನ್ ತೋರಿಸಿದ ವ್ಯವಸ್ಥೆಯೇ.

ಎಚ್ಚರಿಕೆ ಒಂದಿದೆ. ಸಾಮಾನ್ಯ ಕ್ಲೋಸ್ ಅಪ್ ಲೆನ್ಸ್ ಒಂದೇ ಗಾಜಿನದಾದ್ದರಿಂದ ವರ್ಣ ವಿಪಥನವೂ ಇರುತ್ತದೆ. ಕೆಂಪು ಮತ್ತು ನೀಲಿ ಕೂಡುವ ಜಾಗಗಳ ನಡುವೆ ಇಷ್ಟು ಉದ್ದದ ಲೆನ್ಸಿನಲ್ಲಿ ಐದಾರು ಮಿ.ಮೀ. ಅಂತರವಾಗುತ್ತದೆ. ನಿಮ್ಮ ಕಣ್ಣು ಹಳದಿ-ಹಸಿರಿನಲ್ಲಿ ಫೋಕಸ್ ಮಾಡುತ್ತದೆ, ಎಕ್ಸರೇ ಫಿಲ್ಮ್ ನೀಲಿಯನ್ನೂ ಬಲವಾಗಿ ಹಿಡಿಯುತ್ತದೆ. ನೀಲಿಯ ಬಿಂಬ ಲೆನ್ಸಿಗೆ ಹತ್ತಿರ. ಹಸಿರು ಫಿಲ್ಮಾದರೆ ಹಳದಿ ಫಿಲ್ಟರ್ ಹಾಕಿ ನೀಲಿಯನ್ನು ತಡೆದರೆ ಎರಡೂ ಹೊಂದುತ್ತವೆ. ಬಾಸ್ಟನ್ನಿನ ಪಿಂಕ್‌ಹ್ಯಾಮ್ ಆ್ಯಂಡ್ ಸ್ಮಿತ್ ಅವರು ಎಫ್. ಹಾಲೆಂಡ್ ಡೇ ಎಂಬ ಛಾಯಾಗ್ರಾಹಕರ ಬೇಡಿಕೆಯಂತೆ ಮಾಡಿದ ಸೆಮಿ ಅಕ್ರೊಮ್ಯಾಟಿಕ್ ಲೆನ್ಸಿನಲ್ಲೂ ಇಂಥ ವರ್ಣದೋಷವನ್ನು ಬೇಕೆಂದೇ ಒಂದಿಷ್ಟು ಉಳಿಸಿದ್ದರು. ಅದೇ ಕಂಪನಿಯ ವಿಷುವಲ್ ಕ್ವಾಲಿಟಿ ಲೆನ್ಸನ್ನು ಆಧರಿಸಿ ಕುಕ್ ಕಂಪನಿಯವರು 229 ಮಿ.ಮೀ. ಎಫ್/4.5ರ ಪಿಎಸ್945 ಎಂಬ ಲೆನ್ಸನ್ನು ಹೊಸದಾಗಿಯೇ ಮಾಡಿದರು. ಬೆಲೆ ಕೇಳಿದರೆ ಊಟ ಸೇರುವುದಿಲ್ಲ.

ಬಿದ್ರಿಕಪ್ಪು (ಬೀದರ್)

ಫೋಕಸ್ ಮಾಡುವ ಕ್ರಮವನ್ನು ಯಾರೂ ಬರೆಯಲಿಲ್ಲ. ಲೆನ್ಸಿಗೆ ಬೈಯುವವರಲ್ಲಿ ಬಹುಪಾಲು ಜನ ಎಡವುವುದು ಇಲ್ಲಿಯೇ.

ಮಾಮೂಲಿ ಲೆನ್ಸಿನಲ್ಲಿ ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ, ನಂತರ ಕಿರಿದಾಗಿಸುತ್ತೇವೆ. ಇವುಗಳಲ್ಲಿ ಹಾಗೆ ಮಾಡಿದರೆ ಅಪರ್ಚರ್ ಬದಲಾದಂತೆ ಫೋಕಸ್ಸೇ ಸರಿದುಬಿಡುತ್ತದೆ. ತೆಗೆಯುವ ಅಪರ್ಚರಿನಲ್ಲಿಯೇ, ಇಮಾಗಾನ್ ಆದರೆ ಡಿಸ್ಕ್ ಹಾಕಿಕೊಂಡೇ, ತೂತುಗಳನ್ನು ಬೇಕಾದಷ್ಟು ತಿರುಗಿಸಿಕೊಂಡೇ ಫೋಕಸ್ ಮಾಡಬೇಕು. ಗ್ರೌಂಡ್ ಗ್ಲಾಸಿನ (ಕ್ಯಾಮೆರಾ ಹಿಂಬದಿಯ ಮಸುಕು ಗಾಜು) ಮೇಲೆ ಬಿಂಬ ಒಮ್ಮೆಲೇ ಚೂಪಾಗುವ ಕ್ಷಣ ಇಲ್ಲಿ ಬರುವುದಿಲ್ಲ, ಸಾಕಷ್ಟು ದೂರದವರೆಗೆ ಎಲ್ಲವೂ ಸರಿಯೆಂದೇ ತೋರುತ್ತದೆ. ಹಾಗಾಗಿ ನಾನು ಮುಖವನ್ನು ನೋಡುವುದಿಲ್ಲ. ಕುಳಿತವರ ಕಣ್ಣಿನಲ್ಲಿ ಬಾಗಿಲಿನ ಬೆಳಕು ಮೂಡಿಸಿದ ಚುಕ್ಕೆಯನ್ನು ಭೂತಗನ್ನಡಿಯಲ್ಲಿ ಹಿಡಿಯುತ್ತೇನೆ. ಚುಕ್ಕೆಯ ಸುತ್ತ ಪ್ರಭೆ ಇದ್ದೇ ಇರುತ್ತದೆ, ಅದರ ಕಡೆ ಗಮನ ಕೊಡದೆ ಒಳಗಿನ ತಿರುಳು ಅತಿ ಸಣ್ಣದಾಗುವ ಜಾಗದಲ್ಲಿ ನಿಲ್ಲಿಸುತ್ತೇನೆ. ಕಣ್ಣು ಮಂಜಾದ ಹಿರಿಯರಲ್ಲಿ ಚುಕ್ಕೆ ಸಿಗದಿದ್ದರೆ ಅಂಗಿಯ ಹಿತ್ತಾಳೆ ಗುಂಡಿಯನ್ನೋ ಅಜ್ಜಿಯ ಮೂಗುತಿಯನ್ನೋ ಹಿಡಿದು, ಆಮೇಲೆ ಕಣ್ಣಿನ ಅಂತರಕ್ಕೆ ತಿದ್ದಿಕೊಳ್ಳಬೇಕು.

ಹಾಫ್‌ಪ್ಲೇಟ್ ಕಾಕಾ ಅವರ ತಕರಾರಿಗೆ ಉತ್ತರ: ಬೆಳಕು ಮೊದಲು ಎಂಬುದನ್ನು ಒಪ್ಪುತ್ತೇನೆ. ಆದರೆ ಎಲ್ಲ ಮನೆಗೂ ಪಡಸಾಲೆ ಇರುವುದಿಲ್ಲ. ತಗಡಿನ ಮನೆಯ ಮುಂದೆ, ಹೊಲದ ಬದುವಿನ ಮೇಲೆ ಕೂತವರನ್ನೂ ತೆಗೆಯಬೇಕಾಗುತ್ತದೆ. ಅಲ್ಲಿ ಎರಡು ಸ್ಟಾಪಿನ ಕಿರಿದಾದ ಜಾಗದಲ್ಲಿ ಕೆಲಸ ಮಾಡುವ ವೆರಿಟೊವನ್ನು ಒಯ್ಯಲು ನನಗೆ ಧೈರ್ಯ ಸಾಲದು.

ಹಾಫ್‌ಪ್ಲೇಟ್ (ಸುರಪುರ)

ಬದುವಿನ ಮೇಲೆ ಕೂತವರಿಗೆ ಒಂದು ದುಪ್ಪಟಿ ಅಡ್ಡ ಹಿಡಿದರೆ ಅದೇ ಪಡಸಾಲೆ. ಇರಲಿ, ಆ ಜಗಳ ಬಿಡುತ್ತೇನೆ.

ಕೊಳ್ಳುವವರಿಗೆ ಎರಡು ಮಾತು. ಮಂಜು ಹಿಡಿದ ಗಾಜನ್ನು ಸಾಫ್ಟ್ ಫೋಕಸ್ ಎಂದು ಮಾರುವವರಿದ್ದಾರೆ. ಅಂಥದೊಂದು ನನ್ನ ಕೈಗೂ ಬಂದಿತ್ತು, ಮಾರಿದವರ ಹೆಸರು ಬೇಡ. ಗುರುತು ಹಿಡಿಯುವುದು ಸುಲಭ. ನಿಜವಾದ ಸಾಫ್ಟ್ ಫೋಕಸ್ ಲೆನ್ಸಿನಲ್ಲಿ ಅಪರ್ಚರ್ ಕಿರಿದಾಗಿಸಿದರೆ ಬಿಂಬ ತಿಳಿಯಾಗುತ್ತದೆ. ಮಂಜು ಹಿಡಿದ ಗಾಜಿನಲ್ಲಿ ಎಫ್/16ಕ್ಕೆ ಇಳಿಸಿದರೂ ಕಪ್ಪು ಕಪ್ಪಾಗುವುದಿಲ್ಲ. ಜೊತೆಗೆ ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಬಿಟ್ಟಿದೆಯೇ ಎಂದು ಅಂಚಿನಲ್ಲಿ ನೋಡಿ, ಕಾಮನಬಿಲ್ಲಿನಂಥ ಬಣ್ಣದ ಗೆರೆ ಕಂಡರೆ ಬಿಟ್ಟಿದೆ ಎಂದರ್ಥ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಂಥ ಲೆನ್ಸುಗಳನ್ನು ಬಿಟ್ಟು ಹೋಗಬೇಡಿ.

ಸುಳಿಸುಳಿಯಾದ ಹಿನ್ನೆಲೆಯ ಪೆಟ್ಸ್‌ವಾಲ್ ಲೆನ್ಸನ್ನು ಈ ಗುಂಪಿಗೆ ಸೇರಿಸಿ ಮಾರುವವರೂ ಇದ್ದಾರೆ. 1840ರ ಆ ವಿನ್ಯಾಸ ನಡುವಿನಲ್ಲಿ ಸಾಕಷ್ಟು ಚೂಪು, ಅದರ ಆಟವೆಲ್ಲ ಅಂಚಿನಲ್ಲಿ.

ಬಿದ್ರಿಕಪ್ಪು (ಬೀದರ್)

ಇಮಾಗಾನ್ ಕೊಳ್ಳುವಾಗ ಡಿಸ್ಕುಗಳು ಜೊತೆಗಿವೆಯೇ ಎಂದು ಮೊದಲು ಕೇಳಿ. ಲೆನ್ಸ್ ಒಂದು ಕಡೆ, ಡಿಸ್ಕುಗಳು ಇನ್ನೊಂದು ಕಡೆ ಹೋಗಿರುವುದೇ ಹೆಚ್ಚು. ಡಿಸ್ಕಿಲ್ಲದ ಇಮಾಗಾನ್ ಅರ್ಧ ಲೆನ್ಸ್. ಇದೇ ತತ್ವದ ಜಪಾನಿನ ಫ್ಯೂಜಿನಾನ್ ಎಸ್ಎಫ್ 250 ಮಿ.ಮೀ. ಎಫ್/5.6 ಸಿಕ್ಕರೆ ಅದನ್ನೂ ನೋಡಬಹುದು, ಶಟರಿನೊಂದಿಗೇ ಬರುತ್ತದೆ.

ಕಪ್ಪುಬಟ್ಟೆ (ಕಲಬುರಗಿ)

ಎಲ್ಲರಿಗೂ ಧನ್ಯವಾದ. ವೆರಿಟೊವನ್ನು ಪಟ್ಟಿಯಿಂದ ತೆಗೆದೆ. ಲೆನ್ಸ್ ಕೆಟ್ಟದ್ದೆಂದಲ್ಲ, ಆ ಹಿತ್ತಾಳೆಯ ಭಾರವನ್ನು ನನ್ನ ಕ್ಯಾಮೆರಾದ ಮುಂಭಾಗ ತಾಳುವುದಿಲ್ಲ, ಫಿಲ್ಟರಿನ ತೊಡಕು ಬೇರೆ. ಮೊದಲು ಪ್ಲಸ್ 3 ಕ್ಲೋಸ್ ಅಪ್ ಲೆನ್ಸಿಗೆ ರಟ್ಟಿನ ಸ್ಟಾಪ್ ಕಟ್ಟಿ, ಹಳದಿ ಫಿಲ್ಟರ್ ಹಾಕಿ, ಮುಖಕ್ಕೆ ಎಷ್ಟು ಪ್ರಭೆ ಬೇಕೆಂಬುದನ್ನು ನಾನೇ ಕಂಡುಕೊಳ್ಳುತ್ತೇನೆ. ಅದಾದ ಮೇಲೆ ಇಮಾಗಾನ್. ಬಿದ್ರಿಕಪ್ಪು ಅವರೆ, ಬೀದರಿಗೆ ಬಂದರೆ ನಿಮ್ಮದನ್ನು ನನ್ನ ಕ್ಯಾಮೆರಾದ ಮೇಲೆ ಕೂರಿಸಿ ನೋಡಲು ಅವಕಾಶವಿದೆಯೇ?

ಬಿದ್ರಿಕಪ್ಪು (ಬೀದರ್)

ಅಗತ್ಯವಾಗಿ ಬನ್ನಿ. ನನ್ನ ಲೆನ್ಸಿನ ಶಟರ್ ದೊಡ್ಡದು, ನಿಮ್ಮ ಬೋರ್ಡಿನ (ಲೆನ್ಸ್ ಕೂರಿಸುವ ಹಲಗೆ) ತೂತಿಗೆ ಕೂರುವುದಿಲ್ಲ. ತೂತು ಕೊರೆಯದ ಖಾಲಿ ಲೆನ್ಸ್ ಬೋರ್ಡೊಂದನ್ನು ತನ್ನಿ, ಇಲ್ಲಿಯೇ ಬಡಗಿಯ ಹತ್ತಿರ ಅಳತೆಗೆ ಕೊರೆಸೋಣ. ಬೆಳಿಗ್ಗೆ ಒಂಬತ್ತರೊಳಗೆ ತಲುಪಿದರೆ ಅಷ್ಟೂರಿನ ಗುಮ್ಮಟಗಳ ನೆರಳಿನಲ್ಲಿ ತೆಗೆಯಬಹುದು. ಕೋಟೆ ಬೇಡ, ಕೆಂಪು ಮುರಕಲ್ಲಿನ ಗೋಡೆ ನಿಮ್ಮ ಫಿಲ್ಮಿನಲ್ಲಿ ಕಪ್ಪಾಗಿ ಬಂದು ಹಿನ್ನೆಲೆಯೇ ಉಳಿಯುವುದಿಲ್ಲ.

ಹಾಫ್‌ಪ್ಲೇಟ್ (ಸುರಪುರ)

ಹೋಗುವಾಗ ಬಿಳಿ ದುಪ್ಪಟಿ ಮರೆಯಬೇಡಿ.